ಕಾನ್ಸೆಪ್ಟಾ ಬಾಯಿಯ ಬೂದಿಬುಟ್ಟಿ

ಓದಿದವರಿಗೆ ಬುದ್ಧಿ ಬರಬೇಕಾದರೆ ಮೊದಲು ಯಾರದಾದರೂ ಬಾವಿ ಹಾಳಾಗಬೇಕು. ಇದು ಗಾದೆಯಲ್ಲ, ನಾನು ಕಣ್ಣಾರೆ ಕಂಡದ್ದು.

ಕಾರ್ಕಳದಿಂದ ನಿಟ್ಟೆಗೆ ಹೋಗುವ ದಾರಿಯಲ್ಲಿ ಜನಾರ್ದನ ಧಣಿಗಳ ಗೇರುಬೀಜದ ಕಾರ್ಖಾನೆ ಇತ್ತು. ಎದುರಿನ ಶಾಲೆಯಲ್ಲಿ ನಾನು ಮಾಸ್ತರ. ಕಾನ್ಸೆಪ್ಟಾ ಬಾಯಿ ಆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬೀಜ ಒಡೆದವಳು. ಬೀಜದ ಸಿಪ್ಪೆಯಲ್ಲಿ ಒಂದು ಕಪ್ಪು ಎಣ್ಣೆ ಇರುತ್ತದೆ. ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ, ಬೆಂಕಿ ಕಂಡರೆ ಹತ್ತಿಕೊಳ್ಳುತ್ತದೆ. ಅದಕ್ಕೇ ಹೆಂಗಸರು ಒಲೆಬೂದಿಯ ಬುಟ್ಟಿ ಪಕ್ಕದಲ್ಲಿಟ್ಟು, ಕೈಗೆ ಬೂದಿ ಹಚ್ಚಿಕೊಂಡೇ ಬೀಜ ಮುಟ್ಟುತ್ತಿದ್ದರು. ಬೂದಿ ಧರ್ಮಕ್ಕೆ ಸಿಗುವಾಗ ಕೈಗವಸು ಯಾಕೆ ಎಂಬುದು ಧಣಿಗಳ ಅರ್ಥಶಾಸ್ತ್ರ.

೧೯೭೯ರ ಏಪ್ರಿಲ್. ಬೆಳಿಗ್ಗೆ ಆ ಎಣ್ಣೆಯ ಡ್ರಮ್ಮುಗಳನ್ನು ಲಾರಿಗೆ ಏರಿಸುವಾಗ ಹಲಗೆ ಮುರಿದು ನಾಲ್ಕು ಡ್ರಮ್ಮು ಉರುಳಿ ಒಡೆದವು. ತುಕ್ಕು ಹಿಡಿದ ಡ್ರಮ್ಮುಗಳು, ಒಡೆಯದೆ ಇನ್ನೇನು? ಎಣ್ಣೆ ಇಳಿಜಾರಿನಲ್ಲಿ ಕೂಲಿಲೈನಿನ ಬಾವಿಯ ಕಡೆಗೆ ಹರಿಯತೊಡಗಿತು. ಹನ್ನೆರಡು ಮನೆಗೆ ಅದೊಂದೇ ಬಾವಿ, ಅದರಲ್ಲೂ ಕಡು ಬೇಸಿಗೆ.

ಗಂಡಸರು ಕೂಗಾಡಿದರು. ಧಣಿಗಳು ಬೆಂಕಿ ಇಂಜಿನಿಗಾಗಿ ಉಡುಪಿಗೆ ಫೋನು ಹಚ್ಚಿದರು. ಕಾನ್ಸೆಪ್ಟಾ ಬಾಯಿ ಮಾತ್ರ ಲಾರಿ ಡ್ರೈವರನ ಬಾಯಿಯಿಂದ ಬೀಡಿ ಕಿತ್ತು ಕಾಲಡಿ ಹೊಸಕಿ, "ಬೂದಿ ತನ್ನಿ!" ಎಂದು ಕೂಗಿದಳು. ಹನ್ನೆರಡು ಹೆಂಗಸರು ಬುಟ್ಟಿಬುಟ್ಟಿ ಬೂದಿ ತಂದು ಬಾವಿಯ ಮೇಲ್ಗಡೆ ಮೊಣಕಾಲೆತ್ತರದ ಕಟ್ಟ ಕಟ್ಟಿದರು. ಬೂದಿ ಎಣ್ಣೆ ಕುಡಿದಷ್ಟೂ ಅಡಿಕೆ ಹಾಳೆಯಲ್ಲಿ ಬಳಿದು ದೂರದ ಒಂದು ಹೊಂಡಕ್ಕೆ ಹಾಕಿದರು. ಮಧ್ಯಾಹ್ನಕ್ಕೆ ಮುಕ್ಕಾಲು ಎಣ್ಣೆ ಹೊಂಡದಲ್ಲಿತ್ತು.

ಆಗ ಬಂತು ಬೆಂಕಿ ಇಂಜಿನು. ಹಿರಿಯಡ್ಕದಲ್ಲಿ ದಾರಿ ತಪ್ಪಿ ಪೆರ್ಡೂರು ನೋಡಿಕೊಂಡು ಬಂದದ್ದಂತೆ. ಇಳಿದ ಸಾಹೇಬರು ಬೂದಿಯ ಕಟ್ಟವನ್ನು ಬೂಟಿನ ತುದಿಯಿಂದ ಮುಟ್ಟಿ, "ಇದೆಂತ ಕಸ? ನೀರು ಬಿಡಿ" ಎಂದರು.

"ನೀರು ಬಿಡಬೇಡಿ ಸಾಹೇಬ್ರೆ," ಎಂದಳು ಕಾನ್ಸೆಪ್ಟಾ ಬಾಯಿ. "ಎಣ್ಣೆ ನೀರಿನ ಮೇಲೆ ತೇಲ್ತದೆ. ಸೀದಾ ಬಾವಿಗೆ ಹೋಗ್ತದೆ."

"ನನಗೆ ಪಾಠ ಹೇಳ್ತೀಯಾ? ಆಚೆ ನಿಲ್ಲು."

ನೀರು ಬಿಟ್ಟರು. ಕಟ್ಟ ಒಡೆಯಿತು. ಉಳಿದ ಕಾಲುಭಾಗ ಎಣ್ಣೆ ನೀರಿನ ಮೇಲೆ ಸವಾರಿ ಮಾಡುತ್ತಾ ಬಾವಿಗಿಳಿಯಿತು. ಅಂಗಳ ಫಳಫಳ ಹೊಳೆಯುತ್ತಿತ್ತು. ಸಾಹೇಬರು ಎಳನೀರು ಕುಡಿದು ಹೊರಟರು. ನನಗೆ ಇಂದಿಗೂ ಆ ಮನುಷ್ಯನ ಮುಖ ನೆನಪಾದರೆ ಹೇಸಿಗೆಯಾಗುತ್ತದೆ.

ಮರುದಿನ ಮಹಜರು. ರೆವೆನ್ಯೂ ಇನ್‌ಸ್ಪೆಕ್ಟರ್ ಹಯಗ್ರೀವರಾಯರು ಧಣಿಗಳ ಚಾವಡಿಯಲ್ಲಿ ಕುಳಿತು, ಧಣಿಗಳು ಹೇಳಿದ್ದನ್ನೇ ಬರೆದುಕೊಂಡರು: ಎಣ್ಣೆ ಪೂರ್ತಿ ತೊಳೆದುಹೋಗಿದೆ, ಬಾವಿಯ ನೀರು ಕುಡಿಯಲು ಯೋಗ್ಯವಾಗಿದೆ. ಯೋಗ್ಯವಂತೆ! ಹಾಗಿದ್ದರೆ ಒಂದು ಲೋಟ ಕುಡಿದು ತೋರಿಸಬಹುದಿತ್ತು. ಬಾವಿ ಕೆಟ್ಟಿದೆ ಎಂದು ಬರೆದರೆ ನೀರು ಕೊಡುವ ಭಾರ ಧಣಿಗಳ ತಲೆಗೆ ಬರುತ್ತಿತ್ತು, ಅಷ್ಟೇ ವಿಷಯ. ಸಾಕ್ಷಿಗೆ ಊರಿನ ಒಬ್ಬ ಮರ್ಯಾದಸ್ಥ ಬೇಕಿತ್ತು, ಆಮೇಲೆ ಲೈನಿನ ಹೆಂಗಸರು. ಮರ್ಯಾದಸ್ಥ ಸಹಿ ಹಾಕಿದ.

ಕಾನ್ಸೆಪ್ಟಾ ಬಾಯಿಯ ಸರದಿ ಬಂತು. ಓದು ಬರಹ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ರಾಯರು ಅವಳ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ ಒತ್ತಿಸಿದರು. ಬರೀ ಕಪ್ಪು ಮಚ್ಚೆ, ಒಂದು ಗೆರೆಯೂ ಇಲ್ಲ.

"ಸರಿಯಾಗಿ ಒತ್ತು."

ಮತ್ತೊಂದು ಮಚ್ಚೆ. ರಾಯರು ಸಿಟ್ಟಿನಿಂದ ಉಳಿದವರನ್ನು ಕರೆದರು. ಹನ್ನೆರಡು ಹೆಂಗಸರು, ಹನ್ನೆರಡೂ ಬೋಳು ಮಚ್ಚೆ.

"ಎಂತ ಆಟ ಇದು?"

"ಆಟ ಅಲ್ಲ ಸ್ವಾಮಿ," ಎಂದಳು ಕಾನ್ಸೆಪ್ಟಾ ಬಾಯಿ. " ಗೆರೆ ಎಲ್ಲಿಂದ ಬರಬೇಕು? ಧಣಿಗಳ ಎಣ್ಣೆ ತಿಂದು ಆಗಿದೆ. ಬೆರಳಿನ ಗೆರೆ ತಿನ್ನುವ ಎಣ್ಣೆ ಹೊಟ್ಟೆಗೆ ಹೋದ್ರೆ ಎಂತ ಉಳೀತದೆ, ಅದನ್ನೂ ಬರೀರಿ."

ಧಣಿಗಳು ಎಲೆಯಡಿಕೆ ಹುಡುಕತೊಡಗಿದರು. ಕಾನ್ಸೆಪ್ಟಾ ಬಾಯಿ ನನ್ನ ಕಡೆ ತಿರುಗಿದಳು. "ಮಾಸ್ಟ್ರೆ, ನಿಮ್ಮ ಪೆನ್ನು ಕೊಡಿ."

ಇಗರ್ಜಿಯ ಶಾಲೆಯಲ್ಲಿ ನಾಲ್ಕನೆಯವರೆಗೆ ಕಲಿತವಳು. ಮಚ್ಚೆಗಳ ಕೆಳಗೆ ನಿಧಾನವಾಗಿ ಬರೆದಳು: "ಬಾವಿಯಲ್ಲಿ ಎಣ್ಣೆ ಉಂಟು. ಕಾನ್ಸೆಪ್ಟಾ ಡಿಸೋಜ."

ನಂಬರು ಹಾಕಿದ ಸರಕಾರಿ ಕಾಗದ, ಹರಿಯುವಂತಿರಲಿಲ್ಲ. ಮಳೆಗಾಲ ಬರುವವರೆಗೆ ಲೈನಿನ ಹೆಂಗಸರು ಧಣಿಗಳ ಮನೆಯ ಬಾವಿಯಿಂದಲೇ ನೀರು ಸೇದಿದರು. ಮುಂದೆ ಕಾನ್ಸೆಪ್ಟಾ ಬಾಯಿ ಆರು ವರ್ಷ ಬೀಜ ಒಡೆದಳು. ದಾರಿಯಲ್ಲಿ ಸಿಕ್ಕಾಗಲೆಲ್ಲ ನನಗೆ ನಮಸ್ಕಾರ ಹೇಳುತ್ತಿದ್ದಳು, ಆ ಕಾಗದದ ಮಾತು ಒಮ್ಮೆಯೂ ಎತ್ತಲಿಲ್ಲ.

ಅದರಲ್ಲಿ ನನ್ನ ಸಹಿ ಎಲ್ಲಕ್ಕಿಂತ ಮೇಲಿತ್ತು. ಅಕ್ಷರ ಬಹಳ ಚೆಂದ ಎಂದು ರಾಯರು ಹೊಗಳಿದ್ದರು.