ದೀಪಸ್ತಂಭದ ಹಿಂದಿನ ದಂಡೆ

ದ್ವೀಪಕ್ಕೆ ಬಂದವರೆಲ್ಲ ದೊಡ್ಡ ಕಡಲತೀರಕ್ಕೇ ಮುಗಿಬೀಳುತ್ತಿದ್ದರು. ಆ ಗದ್ದಲಕ್ಕೆ ರೋಸಿಹೋದ ವೃದ್ಧ ದಂಪತಿ, ಲಾಡ್ಜ್ ನಡೆಸುವ ಅಕ್ಕನನ್ನು ಕೇಳಿದರು: "ಯಾರೂ ಹೋಗದ ಜಾಗ ಯಾವ್ದಾದ್ರೂ ಇದ್ಯೇನಮ್ಮ?"

ಅಕ್ಕನ ಮುಖ ಅರಳಿತು. ದೀಪಸ್ತಂಭದ ಹಿಂದೆ, ಬಂಡೆಗಳ ನಡುವಿನ ಪುಟ್ಟ ದಂಡೆಯಲ್ಲೇ ಅಪ್ಪ ಅವಳಿಗೆ ಈಜು ಕಲಿಸಿದ್ದ. ಅದನ್ನೆಲ್ಲ ಹೇಳುವ ಉತ್ಸಾಹದಲ್ಲಿ, ಕಡಲು ಉಬ್ಬಿದರೆ ಅಲ್ಲಿನ ದಾರಿ ಮುಳುಗುತ್ತದೆ ಎನ್ನುವುದನ್ನೇ ಮರೆತುಬಿಟ್ಟಳು.

ಮಧ್ಯಾಹ್ನ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ, ಏರುತ್ತಿದ್ದ ನೀರು ಕಂಡು ಅವಳಿಗೆ ಆ ದಾರಿ ನೆನಪಾಯಿತು. ಚಪ್ಪಲಿಯನ್ನೂ ಮೆಟ್ಟದೆ ತಮ್ಮನ ಮನೆಗೆ ಓಡಿದಳು.

"ದೋಣಿ ತೆಗಿಯೋ! ಅಜ್ಜ ಅಜ್ಜಿನ ನಮ್ಮ ದಂಡೆಗೆ ಕಳಿಸಿಬಿಟ್ಟಿದ್ದೀನಿ. ನನ್ನ ಬಾಯಿ ಚಪಲಕ್ಕೆ ಎರಡು ಜೀವ ಹೋಗತ್ತೆ!"

"ಅಳಬೇಡ, ಹತ್ತು" ಎಂದು ತಮ್ಮ ಮೋಟಾರು ಚಾಲೂ ಮಾಡಿದ. ಅಲೆಗಳ ಮೇಲೆ ಟೋಪಿಯೋ ಚಪ್ಪಲಿಯೋ ತೇಲುತ್ತಿದೆಯೇ ಎಂದು ಅವಳು ಹೆದರಿ ಹೆದರಿ ನೋಡಿದಳು. ಬಂಡೆ ಬಳಸಿ ಹೋದರೆ ದಂಡೆಯೇ ಇಲ್ಲ, ಬರೀ ನೀರು. ಅವಳು "ಅಯ್ಯೋ" ಎನ್ನುವಷ್ಟರಲ್ಲಿ ಮೇಲಿನಿಂದ ಅಜ್ಜಿಯ ಕೂಗು ಕೇಳಿಸಿತು: "ಇಲ್ಲಿದ್ದೀವಿ ಕಣಮ್ಮ!" ಎತ್ತರದ ಬಂಡೆಯೊಂದರ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತಿದ್ದರು.

ದೋಣಿಗೆ ಇಳಿದು ಸುಧಾರಿಸಿಕೊಂಡ ಅಜ್ಜ, "ಜಾಗ ಮಾತ್ರ ಸೊಗಸಾಗಿದೆ. ಇಂಥದ್ದು ಇನ್ನೊಂದಿದ್ರೆ ಹೇಳಿ" ಎಂದರು.

"ಹೇಳಲ್ಲ ಯಜಮಾನ್ರೇ, ನಾನೇ ಕರ್ಕೊಂಡು ಹೋಗ್ತೀನಿ" ಎಂದಳು ಅಕ್ಕ.