ರಕ್ತಕ್ಕೆ ಉಸಿರು ಕೊಟ್ಟ ಯಂತ್ರ

ಹೆಂಡತಿಯ ಆಪರೇಷನ್ನಿಗೆ ಬೇಕಾದ ಒಂದು ಯಂತ್ರದ ಖರ್ಚಿಗೆ, ಕಂಬಳಿ ವ್ಯಾಪಾರದಲ್ಲಿ ಗಳಿಸಿದ್ದ ಚಳ್ಳಕೆರೆಯ ಸೈಟನ್ನು ಮಾರಿದೆ. ಅವಳ ಶ್ವಾಸನಾಳದೊಳಗೆ ಗಡ್ಡೆ ಬೆಳೆದು, ಗಾಳಿ ಹೋಗಲು ಸಣ್ಣ ಸಂದಿಯಷ್ಟೇ ಉಳಿದಿತ್ತು. ಉಸಿರು ಒಳಗೆಳೆಯುವಾಗ ಬರುತ್ತಿದ್ದ ಸೀಟಿಯಂಥ ಸದ್ದನ್ನು ನಾವೂ, ಮೊಳಕಾಲ್ಮುರಿನ ಅವಳ ತವರಿನವರೂ ದಮ್ಮು ಎಂದೇ ತಿಳಿದಿದ್ದೆವು.

ಬೆಂಗಳೂರಿನ ಮೊದಲ ಆಸ್ಪತ್ರೆಯವರು ಸ್ಕ್ಯಾನಿನಲ್ಲಿ ಗಡ್ಡೆ ಕಂಡು, ಪ್ರಜ್ಞೆ ತಪ್ಪಿಸಿ ಗಂಟಲಿಗೆ ಕೊಳವೆ ಇಳಿಸಿ ಗಡ್ಡೆ ತೆಗೆಯುತ್ತೇವೆ ಎಂದರು.

"ಕೊಳವೆ ಇಳೀದಿದ್ರೆ ಏನ್ ಮಾಡ್ತೀರಿ ಸಾರ್?" ಎಂದೆ.

"ಇಳಿಯುತ್ತೆ ಬಿಡ್ರಿ."

ಅದು ನನಗೆ ಉತ್ತರ ಅನ್ನಿಸಲಿಲ್ಲ. ಅವಳನ್ನು ಇನ್ನೊಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮನಿಗೂ ಅದನ್ನೇ ಕೇಳಿದೆ.

"ಇಳಿಯೋದಿಲ್ಲ ಅಂತಲೇ ಇಟ್ಕೊಳ್ಳೋಣ. ಎಚ್ಚರ ಇರುವಾಗಲೇ ತೊಡೆಸಂದಿನ ನಾಳದಿಂದ ರಕ್ತ ಹೊರಗೆ ತಂದು, ಯಂತ್ರದಲ್ಲಿ ಆಮ್ಲಜನಕ ಬೆರೆಸಿ ವಾಪಸ್ ಬಿಡ್ತೀವಿ. ಆಮೇಲೇ ಗಂಟಲಿಗೆ ಕೈ ಹಾಕೋದು" ಎಂದು ಹೇಳಿ, ಖರ್ಚನ್ನೂ ತಿಳಿಸಿದರು.

ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ.

"ಇಲ್ಲೂ ಚೌಕಾಸಿ ಶುರು ಹಚ್ಕಂಡ್ರಾ? ನಾನೇನು ಕಂಬ್ಳಿನಾ?" ಹೆಂಡತಿ ಏದುಸಿರಿನಲ್ಲೇ ಗದರಿದಳು. ಡಾಕ್ಟರಮ್ಮ ನಕ್ಕರು. ನಾನು ಸಹಿ ಹಾಕಿದೆ.

ಯಂತ್ರ ಅವಳ ಜೀವ ಹಿಡಿದು ನಿಲ್ಲಿಸಿತು, ಗಡ್ಡೆ ಹೊರಬಂತು. ಮರುದಿನ ಯಂತ್ರ ಬಿಡಿಸಿದಾಗ ಅವಳು ಸದ್ದಿಲ್ಲದೆ ತಾನೇ ಉಸಿರೆಳೆದಳು.

ಮನೆಯವರಿಗೆ ಉಸಿರಿನ ತೊಂದರೆಯಾದರೆ ಸದ್ದು ಯಾವಾಗ ಬರುತ್ತದೆಂದು ಗಮನಿಸಿ. ಒಳಗೆ ಎಳೆಯುವಾಗ ಸೀಟಿಯಂತೆ ಕೇಳಿಸಿದರೆ ದಮ್ಮೆಂದು ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ. ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಮೊದಲೇ ಸಿದ್ಧ ಮಾಡಿಟ್ಟಿರುವ ಡಾಕ್ಟರನ್ನು ಹುಡುಕಿ. ರೇಟಿನ ಮಾತು ಆಮೇಲೆ ಆಡಿದರಾಯಿತು.