ನ್ಯೂಮಾರ್ಕೆಟ್‌ನಿಂದ ತಂದ ಅಳತೆ

ಬೆಟಗೇರಿಯ ಮನೆ ಬಿಟ್ಟು ಎರಡನೆಯ ದಿನ, ಶುಕ್ರವಾರ ಮಧ್ಯಾಹ್ನ ಟೊರೊಂಟೊದಲ್ಲಿ ಇಳಿದೆ. ಕರೆದೊಯ್ಯಲು ಅಣ್ಣ ಬಂದಿರಲಿಲ್ಲ. ಅವನ ಚರ್ಚಿನ ಸಭೆಯ ಗ್ರೇಸಿ ಎಂಬ ನರ್ಸ್ ಬಂದಿದ್ದರು, ಉಡುಪಿ ಕಡೆಯವರು.

"ಬಿಷಪ್‌ರು ಒಂದು ಫ್ಯೂನರಲ್‌ಗೆ ಹೋಗಿದ್ದಾರೆ. ನೀವೇ ಅಲ್ವಾ ನೇಯುವ ತಮ್ಮ? ಕೈ ತೋರಿಸಿ ಮಾರಾಯ್ರೆ, ನೋಡುವ! ಆ ಸ್ಟೋಲ್ ಕಥೆ ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತುಂಟು."

ನಾನು ಕೈಗಳನ್ನು ಕೋಟಿನ ಜೇಬಿಗೆ ತುರುಕಿದೆ. "ಥಂಡಿ ಭಾಳ ಐತ್ರಿ" ಎಂದೆ.

ಸ್ಟೋಲ್ ಎಂದರೆ ಆರಾಧನೆಯ ವೇಳೆ ಪಾದ್ರಿಗಳ ಕೊರಳಿನಿಂದ ಎರಡೂ ಕಡೆ ಇಳಿಬೀಳುವ ಪಟ್ಟಿ. ಕೆನಡಾದ ಉತ್ತರದ ಹಿಮದ ಊರುಗಳಿಗೆ ಮಿಷನರಿಯಾಗಿ ಹೋದ ಅಣ್ಣ ಅಲ್ಲೇ ಬಿಷಪ್ ಆಗುವಾಗ, ಅಪ್ಪನ ಮಗ್ಗದಲ್ಲಿ ಒಂದು ನೇಯ್ದು ಕಳಿಸೆಂದು ನನಗೆ ಬರೆದಿದ್ದ. ಅದರ ಹಿಂದಿನ ವರ್ಷ ಅವ್ವ ತೀರಿಕೊಂಡಾಗ ಅವನು ಬಂದಿರಲಿಲ್ಲ. ಹಿಮಗಾಳಿಗೆ ವಿಮಾನ ಹಾರಲಿಲ್ಲವೆಂದಿದ್ದ. ಅವ್ವನ ಮಣ್ಣಿಗೆ ಬಾರದವನಿಗೆ ನನ್ನ ಬೆವರೇಕೆ ಎಂದು, ಪೇಟೆಯಲ್ಲಿ ಮಿಲ್ಲಿನ ಬಿಳಿ ಶಲ್ಯ ಕೊಂಡು, ಉದ್ದಕ್ಕೆ ಮಡಿಚಿ ಹೊಲಿಸಿ, "ನಾನ ನೇಯ್ದೀನಿ" ಎಂದು ಚೀಟಿ ಇಟ್ಟು ಕಳಿಸಿದೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಅಣ್ಣನಿಗೆ ಸ್ವಂತ ಕೈಯಿಂದ ಬರೆದದ್ದು ಅದೊಂದೇ. ಅದೂ ಸುಳ್ಳು. ಅದನ್ನು ಒಪ್ಪಿಕೊಳ್ಳಲೆಂದೇ ಈ ಪ್ರಯಾಣ.

ಅಣ್ಣನಿರುವ ಊರು ನ್ಯೂಮಾರ್ಕೆಟ್ ಮುಟ್ಟಲು ಒಂದು ತಾಸು ಹಿಡಿಯಿತು. ನಿವೃತ್ತ ಬಿಷಪ್ಪನ ಮನೆಯೆಂದರೆ ಬೇಸ್‌ಮೆಂಟಿನ ಎರಡು ಕೋಣೆ. ಎಪ್ಪತ್ತು ದಾಟಿದವನು ಸಂಜೆ ಬಂದವನೇ ತಾನೇ ಜೋಳದ ರೊಟ್ಟಿ ಬಡಿದ. ಆಗ ನೋಡಿದೆ: ಎಡಗೈಯ ಎರಡು ಬೆರಳಿಗೆ ತುದಿಯೇ ಇಲ್ಲ.

"ಏನಾತೋ ಅಣ್ಣಾ?"

"ಹಿಮ ತಿಂತು. ಚಟ್ನಿ ಹಾಕ್ಕೋ."

ಯಾವ ಪತ್ರದಲ್ಲೂ ಅವನು ಇದನ್ನು ಬರೆದಿರಲಿಲ್ಲ.

ಶನಿವಾರ ಅವನೊಂದಿಗೆ ಆಸ್ಪತ್ರೆಗೆ ನಡೆದು ಹೋದೆ. ಉತ್ತರದಿಂದ ಚಿಕಿತ್ಸೆಗೆ ಬಂದ ಇನ್ಯೂಟ್ ಬುಡಕಟ್ಟಿನ ಅಜ್ಜಿಯೊಬ್ಬಳು ಯಾರೊಂದಿಗೂ ಮಾತಾಡದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಣ್ಣ ಅವಳ ಭಾಷೆಯಲ್ಲಿ ಏನೋ ಅಂದ. ಅಜ್ಜಿ ಎದ್ದು ಕುಳಿತು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅಲ್ಲಿಯ ಜನರ ಮಾತು ಬರುವ ತನಕ ಚರ್ಚಿನಲ್ಲಿ ಪ್ರಸಂಗ ಮಾಡುವುದಿಲ್ಲವೆಂದು ಅವನು ಮೊದಲ ಎರಡು ವರ್ಷ ಮನೆಮನೆಗೆ ನೀರು ಹೊತ್ತನಂತೆ, ಅಲ್ಲೇ ಪಾಳಿಯಲ್ಲಿದ್ದ ಗ್ರೇಸಿ ಹೇಳಿದರು. ಇಂಥವನ ಮೇಲೆ ನಾನು ಸಿಟ್ಟು ಸಾಧಿಸಿದ್ದೆ. ಅಂದೂ ಬಾಯಿ ಬಿಡಲಿಲ್ಲ.

ಭಾನುವಾರ ಸಭೆಯಲ್ಲಿ ಅಣ್ಣನ ಕೊರಳಲ್ಲಿ ಅದೇ ಸ್ಟೋಲ್. ತೇಪೆ ಹಾಕಿ, ಇಸ್ತ್ರಿ ಮಾಡಿ ಹಾಕಿಕೊಂಡಿದ್ದ. ನನ್ನನ್ನು ನಿಲ್ಲಿಸಿ, ಇದನ್ನು ನೇಯ್ದ ತಮ್ಮ ಇವನೇ ಎಂದು ಪರಿಚಯಿಸಿದ. ಆರಾಧನೆ ಮುಗಿದ ಮೇಲೆ ಜನ ಸಾಲಾಗಿ ಬಂದು ನನ್ನ ಕೈ ಕುಲುಕಿದರು. ನಾನೂ ಚಾಚಿದೆ! ಒಬ್ಬ ಮುದುಕಿ ನನ್ನ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡಳು. ಇನ್ನು ತಡೆಯಲಾಗಲಿಲ್ಲ. ಅಣ್ಣ ನಿಲುವಂಗಿ ಕಳಚುತ್ತಿದ್ದ ಒಳಕೋಣೆಗೆ ಹೋದೆ.

"ಅಣ್ಣಾ, ಅದನ್ನ ನಾ ನೇಯ್ದಿಲ್ಲ. ಪ್ಯಾಟಿ ಬಟ್ಟಿ ಅದು."

"ಗೊತ್ತೈತಿ" ಎಂದ. "ಪೊಟ್ಟಣ ಬಿಚ್ಚಿದ ದಿವಸಾನ ಅಂಚು ಸವರಿ ನೋಡಿದೆ. ನಮ್ಮ ಮಗ್ಗದ್ದಾಗಿದ್ರ, ಬಟ್ಟಿ ಜಗ್ಗಿ ಹಿಡಿಯೋ ಕಡ್ಡಿ ಸೂಜಿ ತೂತ ಅಂಚಿನಾಗ ಇರಬೇಕಲ್ಲ. ನಾನೂ ನೇಕಾರನ ಮಗಾನ ಅದೀನೋ, ದಾನ್ಯಾ."

"ಮತ್ತ ಮಂದಿ ಮುಂದ ಯಾಕ ಹಂಗ ಹೇಳಿದಿ?"

"ನೀ ಒಂದ ಸಲ ಸುಳ್ಳ ಬರದಿ. ನಾ ಬಿಷಪ್ಪ ಆಗಿ ಇಷ್ಟ ವರ್ಷ ಹೇಳಿದೆ. ತಮ್ಮ ನೇಯಲಿಲ್ಲ ಅನ್ನಾಕ ಬಾಯಿ ಬರಲಿಲ್ಲ." ಕುರ್ಚಿಯಲ್ಲಿ ಕುಳಿತ. "ಅವ್ವನ ಮಣ್ಣಿಗೆ ಬರದಾಂವಗ ಇದೂ ಹೆಚ್ಚ ಅನಿಸಿತ್ತು."

ಮುಂದಿನ ಭಾನುವಾರ ಅವನು ಸಭೆಯ ಮುಂದೆ ಎಲ್ಲವನ್ನೂ ಇದ್ದಂತೆ ಹೇಳಿದ, ತನ್ನ ಸುಳ್ಳನ್ನು ಮೊದಲು, ನನ್ನದನ್ನು ಆಮೇಲೆ. ಹೊರಗೆ ಬಂದಾಗ ಗ್ರೇಸಿ ನನ್ನ ದಾರಿಗೆ ಅಡ್ಡ ನಿಂತರು.

"ಎಂತದು ನೀವು! ಇನ್ನು ನಿಜವಾಗಿ ನೇಯ್ತೇನೆ ಅಂತ ಹೇಳಿ, ಇಲ್ಲದಿದ್ರೆ ನನ್ನ ಕಾರಲ್ಲಿ ಸೀಟಿಲ್ಲ."

ಹೇಳಿದೆ.

ಹೊರಡುವ ದಿನ, ವಿಮಾನ ನಿಲ್ದಾಣದಲ್ಲಿ, ಚೀಲಕ್ಕೆ ಕಟ್ಟಿದ ದಾರ ಬಿಚ್ಚಿ ಅಣ್ಣನ ಕೊರಳಿನಿಂದ ಎರಡೂ ಕಡೆ ಇಳಿಬಿಟ್ಟು ಅಳತೆ ತೆಗೆದೆ. ಜನ ನೋಡುತ್ತಿದ್ದರು.

"ಹಿಂದಿನಕಿಂತ ಒಂದ ಗೇಣ ಗಿಡ್ಡ ಮಾಡಪಾ" ಎಂದ. "ನಾ ಕುಗ್ಗೀನಿ."

ಗಾಜಿನ ಬಾಗಿಲು ದಾಟಿ ತಿರುಗಿ ನೋಡಿದೆ. ಅಣ್ಣ ಮೊಂಡು ಬೆರಳಿನ ಕೈ ಎತ್ತಿದ್ದ. ಜೇಬಿನಲ್ಲಿ ದಾರ ಹಿಡಿದುಕೊಂಡಿದ್ದ ನನ್ನ ಕೈಯನ್ನು ಹೊರತೆಗೆದು, ಅವನಿಗೆ ಕಾಣುವಂತೆ ಎತ್ತಿ ತೋರಿಸಿದೆ.